ಹದಿಹರೆಯದ ಹಬ್ಬಕ್ಕೆ ಮನೆಯಲ್ಲೇ ಕರೆಯೋಲೆ

‘ಕರೆಯೋಲೆ’ ಎಂಬ ಮಾತಿನಲ್ಲಿ ಕರೆಯೂ ಇದೆ, ಓಲೆಯೂ ಇದೆ. ಓಲೆಯೆಂದರೆ ತಾಳೆಯ ಗರಿ. ಗರಿಯ ಮೇಲೆ ಕಂಟದಿಂದ ಕೊರೆದು ಬರೆಯುತ್ತಿದ್ದ ಕಾಲ ಎಂದೋ ಸಂದುಹೋಯಿತು. ಕಾಗದ ಬಂದಿತು, ಅಚ್ಚುಕೂಟ ಬಂದಿತು, ಬಂಗಾರದ ಅಂಚಿನ ದಪ್ಪ ಪತ್ರಿಕೆಗಳು ಬಂದವು. ಆದರೂ ಕನ್ನಡವು ಆ ಹಳೆಯ ಗರಿಯನ್ನು ತನ್ನ ಮಾತಿನಿಂದ ಬಿಟ್ಟುಕೊಟ್ಟಿಲ್ಲ.

ಓಲೆಗಿಂತಲೂ ಹಳೆಯದು ಬಾಯಿಮಾತಿನ ಕರೆ. ಅರಿಶಿನ ಕುಂಕುಮಕ್ಕೆ ಕರೆಯಲು ಕುಂಕುಮದ ಭರಣಿ ಹಿಡಿದು ಮನೆಮನೆಗೆ ಹೋಗುವ ಹೆಣ್ಣುಮಕ್ಕಳಿಗೆ, ಮದುವೆಗೆ ಅಕ್ಷತೆ ಕೊಟ್ಟು ಹೇಳಿಹೋಗುವ ಹಿರಿಯರಿಗೆ, ಕಾಗದವು ಒಂದು ನೆಪ ಮಾತ್ರ. ಅಚ್ಚಾಗಿ ಬಂದ ಲಗ್ನಪತ್ರಿಕೆಯ ಮೂಲೆಗಳಿಗೆ ಅರಿಶಿನ ಹಚ್ಚಿಯೇ ಹಂಚುವ ವಾಡಿಕೆ ಇಂದಿಗೂ ಅನೇಕ ಮನೆಗಳಲ್ಲಿ ಉಳಿದಿದೆ. ಅದು ಮಂಗಳಸೂಚಕವೆಂಬುದು ಸರಿಯೇ. ಜೊತೆಗೆ, ಯಂತ್ರದಿಂದ ಇಳಿದು ಬಂದ ಕಾಗದಕ್ಕೆ ಮನೆಯವರ ಕೈ ಒಮ್ಮೆಯಾದರೂ ಸೋಕಿತೆಂಬ ಸಮಾಧಾನವೂ ಅದರಲ್ಲಿ ಉಂಟು.

ಮಕ್ಕಳ ಹುಟ್ಟುಹಬ್ಬದ ಕರೆಗೆ ಈಗ ಆ ಒಂದು ಸ್ಪರ್ಶವೂ ಬೇಕಾಗಿಲ್ಲ. ಮೊಬೈಲಿನಲ್ಲಿ ಸಿದ್ಧವಾಗಿರುವ ಬಲೂನುಗಳ ಚಿತ್ರವೊಂದನ್ನು ಆರಿಸಿ, ಯಾರದೋ ಹೆಸರಿದ್ದ ಜಾಗದಲ್ಲಿ ಮಗಳ ಹೆಸರನ್ನಿಟ್ಟು, ಬೆರಳನ್ನೊಮ್ಮೆ ಒತ್ತಿದರೆ ಕರೆಯ ಕೆಲಸ ಮುಗಿಯಿತು. ಇಷ್ಟು ಸುಲಭವಾದ ದಾರಿಯಿರುವಾಗ ಕತ್ತರಿ, ಗೋಂದು, ಬಣ್ಣಗಳನ್ನು ಹರಡಿಕೊಂಡು ಕೂರುವುದೇಕೆ? ಚಿಕ್ಕ ಮಗುವಿನ ವಿಷಯದಲ್ಲಿ ಈ ಪ್ರಶ್ನೆಗೆ ‘ಆಟಕ್ಕೆ’ ಎಂಬ ಉತ್ತರ ಸಾಕು. ಹದಿಮೂರು ದಾಟಿದ ಮಗನ ಅಥವಾ ಮಗಳ ವಿಷಯದಲ್ಲಿ ಉತ್ತರ ಇನ್ನೂ ಆಳವಾದುದು.

ರೋಮನ್ ಗೃಹಿಣಿಯ ಹುಟ್ಟುಹಬ್ಬ

ಬ್ರಿಟನ್ನಿನ ಉತ್ತರಭಾಗದಲ್ಲಿ ವಿಂಡೋಲಾಂಡ ಎಂಬ ರೋಮನ್ ಕೋಟೆಯ ಅವಶೇಷಗಳಿವೆ. ಅಲ್ಲಿಯ ತೇವದ ಮಣ್ಣಿನಲ್ಲಿ ಹೂತುಹೋಗಿದ್ದ ತೆಳ್ಳನೆಯ ಮರದ ಹಲಗೆಗಳನ್ನು ಉತ್ಖನನಕಾರರು ಹೊರತೆಗೆದಿದ್ದಾರೆ. ಅಂಚೆಕಾರ್ಡಿನಷ್ಟು ಅಗಲದ, ಕೆಲವೇ ಮಿಲಿಮೀಟರ್ ದಪ್ಪದ ಈ ಹಲಗೆಗಳ ಮೇಲೆ ಮಸಿಯಿಂದ ಬರೆದ ಕಾಗದಪತ್ರಗಳಿವೆ. ಅವುಗಳಲ್ಲಿ 1985ರಲ್ಲಿ ದೊರೆತ ಒಂದು ಹುಟ್ಟುಹಬ್ಬದ ಕರೆಯೋಲೆ! ಕಾಲ ಸುಮಾರು ಕ್ರಿ.ಶ. 100. ಬರೆದಾಕೆ ಕ್ಲಾಡಿಯ ಸೆವೆರಾ, ಸೇನಾಧಿಕಾರಿಯೊಬ್ಬನ ಪತ್ನಿ. ಕರೆದದ್ದು ವಿಂಡೋಲಾಂಡದ ದಳಪತಿಯ ಪತ್ನಿಯಾದ ಸುಲ್ಪೀಷಿಯ ಲೆಪಿಡಿನಾಳನ್ನು. ಸೆಪ್ಟೆಂಬರ್ 11ರಂದು ತನ್ನ ಹುಟ್ಟುಹಬ್ಬ, ತಪ್ಪದೆ ಬರಬೇಕು, ಬಂದರೆ ಆ ದಿನದ ಸಂತೋಷ ಹೆಚ್ಚುವುದೆಂಬುದು ಅದರ ಸಾರ.

ಓಲೆಯ ಬಹುಭಾಗವನ್ನು ಬರೆದವನು ಕೈತಿದ್ದಿದ ಲಿಪಿಕಾರ. ಅವನ ಅಕ್ಷರಗಳು ಅಚ್ಚುಕಟ್ಟಾಗಿವೆ. ಆದರೆ ಕೊನೆಯ ಕೆಲವು ಸಾಲುಗಳು ಮಾತ್ರ ಬೇರೆ ಕೈಯವು. ಅಷ್ಟೇನೂ ನುಣುಪಿಲ್ಲದ ಆ ಬರಹ ಸೆವೆರಾಳದೇ. ಹೆಂಗಸೊಬ್ಬಳು ಲ್ಯಾಟಿನ್ ಭಾಷೆಯಲ್ಲಿ ಸ್ವಹಸ್ತದಿಂದ ಬರೆದು ಇಂದಿಗೆ ಉಳಿದುಬಂದಿರುವ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಸಂಗ್ರಹದಲ್ಲಿ ಅದಿದೆ. ಲಿಪಿಕಾರನ ಅಂದವಾದ ಅಕ್ಷರಗಳಿಗಿಂತ ಆ ಓರೆಕೋರೆಯ ಸಾಲುಗಳೇ ಹೆಚ್ಚು ಜನರ ಮನಸ್ಸನ್ನು ಹಿಡಿದು ನಿಲ್ಲಿಸಿವೆ. ‘ನನ್ನ ಅಕ್ಷರ ಚೆನ್ನಾಗಿಲ್ಲ’ ಎಂದು ಕೈಬರಹಕ್ಕೆ ಹಿಂಜರಿಯುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಧೈರ್ಯ ಬೇಕಿಲ್ಲ.

ಮೂವತ್ತು ಸಾವಿರ ಅತಿಥಿಗಳು

ಇದಕ್ಕೆ ವಿರುದ್ಧವಾದ ನಿದರ್ಶನವೂ ಒಂದುಂಟು. ಅದು ತೀರ ಈಚಿನದು. ನೆದರ್ಲೆಂಡ್ಸ್ ದೇಶದ ಹಾರೆನ್ ಎಂಬ ಸಣ್ಣ ಊರಿನ ಹುಡುಗಿಯೊಬ್ಬಳು 2012ರಲ್ಲಿ ತನ್ನ ಹದಿನಾರನೆಯ ಹುಟ್ಟುಹಬ್ಬಕ್ಕೆ ಗೆಳೆಯರನ್ನು ಫೇಸ್‌ಬುಕ್ಕಿನಲ್ಲಿ ಕರೆದಳು. ಕರೆಯನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟದ್ದೇ ಮುಳುವಾಯಿತು. ಕರೆ ಕೈಯಿಂದ ಕೈಗೆ ಹಾರಿ, ಸುಮಾರು 30,000 ಮಂದಿ ಬರುತ್ತೇವೆಂದು ಒಪ್ಪಿಕೊಂಡರು! ಮೂಲ ಕರೆಯನ್ನು ಅಳಿಸಿದರೂ ಫಲವಾಗಲಿಲ್ಲ. ಅಪರಿಚಿತರು ಅದರ ನಕಲುಗಳನ್ನು ಹುಟ್ಟಿಸಿದ್ದರು. ಸೆಪ್ಟೆಂಬರ್ 21ರ ಸಂಜೆ ಸಾವಿರಾರು ಜನ ಊರಿಗೆ ನುಗ್ಗಿದರು. ಅಂಗಡಿಗಳ ಲೂಟಿಯಾಯಿತು, ವಾಹನಕ್ಕೆ ಬೆಂಕಿ ಬಿದ್ದಿತು, ದಂಗೆಯಡಗಿಸುವ ಪೊಲೀಸರು ಬರಬೇಕಾಯಿತು.

ಎಲ್ಲ ಮೊಬೈಲ್ ಕರೆಗಳೂ ಹೀಗೆ ದಾರಿತಪ್ಪುವುದಿಲ್ಲ, ನಿಜ. ಆದರೂ ಮಗಳ ಹೆಸರು, ಹುಟ್ಟಿದ ದಿನ, ಭಾವಚಿತ್ರ, ಮನೆಯ ವಿಳಾಸ, ಮನೆಯವರೆಲ್ಲ ಗದ್ದಲದಲ್ಲಿರುವ ಹೊತ್ತು — ಇಷ್ಟನ್ನೂ ಒಂದೇ ಚಿತ್ರದಲ್ಲಿ ಬರೆದು ಗಾಳಿಗೆ ಬಿಡುವ ತಂದೆತಾಯಿಗಳು ಒಂದು ಗಳಿಗೆ ಯೋಚಿಸಬೇಕು. ಆ ಚಿತ್ರ ಎಷ್ಟು ಕೈಗಳಿಗೆ ಹೋಗುವುದೆಂದು ಹೇಳಬಲ್ಲವರಿಲ್ಲ. ಕೈಯಿಂದ ಮಾಡಿದ ಕರೆಯೋಲೆಗಳಿಗೆ ಲೆಕ್ಕವುಂಟು. ಹದಿನೆಂಟು ಮಾಡಿದರೆ ಹದಿನೆಂಟೇ.

ಯಾರ ಹಬ್ಬ? ಯಾರ ಪಟ್ಟಿ?

ಕಾಗದಕ್ಕೆ ಕೈಹಾಕುವ ಮುನ್ನ ಕರೆಯಬೇಕಾದವರ ಪಟ್ಟಿ ಆಗಬೇಕು. ಹದಿಹರೆಯದವರಿರುವ ಮನೆಯಲ್ಲಿ ಅತ್ಯಂತ ಸೂಕ್ಷ್ಮವಾದ ಘಟ್ಟ ಇದೇ. ತಾಯಿಯ ಮನಸ್ಸಿನಲ್ಲಿರುವುದು ಸೋದರತ್ತೆ, ಚಿಕ್ಕಪ್ಪ, ಪಕ್ಕದ ಮನೆಯವರು, ಹಿಂದಿನ ವರ್ಷ ತಮ್ಮನ್ನು ಕರೆದು ಊಟ ಹಾಕಿದವರು. ಮಗಳ ಮನಸ್ಸಿನಲ್ಲಿರುವುದು ಏಳೆಂಟು ಗೆಳತಿಯರು. ಅವರಲ್ಲೊಬ್ಬಳ ಹೆಸರನ್ನು ಮನೆಯವರು ಆವರೆಗೆ ಕೇಳಿಯೇ ಇರುವುದಿಲ್ಲ. ತಂದೆ ಖರ್ಚಿನ ಲೆಕ್ಕ ತೆಗೆಯುತ್ತಾನೆ. ಮಾತಿಗೆ ಮಾತು ಬೆಳೆದು ಕೊನೆಗೆ, ‘ಹಾಗಾದರೆ ನನಗೆ ಹುಟ್ಟುಹಬ್ಬವೇ ಬೇಡ’ ಎಂದು ಮಗಳು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ.

ಹದಿನಾರು ತುಂಬಿದ ಮಗನನ್ನು ಗೆಳೆಯನಂತೆ ಕಾಣಬೇಕೆಂದು ಹಿರಿಯರು ಹೇಳಿದ್ದಾರೆ. ಆ ಮಾತನ್ನು ನಡೆಸಿ ತೋರಿಸಲು ಪಟ್ಟಿಯಂಥ ಸಂದರ್ಭ ಇನ್ನೊಂದಿಲ್ಲ. ಸಂಖ್ಯೆಯನ್ನು ತಂದೆತಾಯಿ ಹೇಳಲಿ, ಹೆಸರುಗಳನ್ನು ಮಕ್ಕಳು ಹೇಳಲಿ. ಮನೆಗೆ ಎಷ್ಟು ಜನ ಹಿಡಿಸುವರು, ಕೈಯಲ್ಲಿರುವ ಹಣಕ್ಕೆ ಎಷ್ಟು ಎಲೆ ಹಾಕಬಹುದು ಎಂಬುದನ್ನು ಮುಚ್ಚಿಡದೆ ತಿಳಿಸಿದರೆ ಹದಿಹರೆಯದವರು ಅದನ್ನು ಅರಿಯಬಲ್ಲರು. ‘ಇನ್ನೂ ಚಿಕ್ಕವಳು, ನಿನಗೇಕೆ’ ಎಂಬ ಮಾತು ಮಾತ್ರ ಅವರಿಗೆ ಸಹಿಸದು.

ಬಂಧುಬಳಗವನ್ನು ಬಿಡುವುದು ಹೇಗೆಂಬ ಚಿಂತೆಗೆ ಪಂಚಾಂಗವೇ ಒಂದು ದಾರಿ ತೋರಿಸಿದೆ. ಅನೇಕ ಮನೆಗಳಲ್ಲಿ ತಿಥಿ ಅಥವಾ ಜನ್ಮನಕ್ಷತ್ರದಂತೆ ವರ್ಧಂತಿ ಒಂದು ದಿನ, ಇಂಗ್ಲಿಷ್ ತಾರೀಖಿನ ಹುಟ್ಟುಹಬ್ಬ ಇನ್ನೊಂದು ದಿನ. ಎಣ್ಣೆನೀರು, ಆರತಿ, ಪಾಯಸ, ಹಿರಿಯರ ಆಶೀರ್ವಾದಗಳು ವರ್ಧಂತಿಗಿರಲಿ. ಗೆಳೆಯರ ಕೂಟ ತಾರೀಖಿಗಿರಲಿ. ಎರಡೂ ಕೂಡಿಬರುವ ವರ್ಷವೊಂದುಂಟು. ಹತ್ತೊಂಬತ್ತು ಸೌರವರ್ಷಗಳೂ ಇನ್ನೂರ ಮೂವತ್ತೈದು ಚಾಂದ್ರಮಾಸಗಳೂ ಬಹುಮಟ್ಟಿಗೆ ಸರಿಸಮನಾಗಿರುವುದರಿಂದ, ಹತ್ತೊಂಬತ್ತನೆಯ ಹುಟ್ಟುಹಬ್ಬದಂದು ತಿಥಿಯೂ ತಾರೀಖೂ ಒಂದೇ ದಿನ, ತಪ್ಪಿದರೆ ಒಂದು ದಿನದ ಹಿಂದುಮುಂದಿನಲ್ಲಿ, ಬರುತ್ತವೆ. ಹದಿಹರೆಯದ ಆ ಕೊನೆಯ ಹಬ್ಬಕ್ಕೆ ಎರಡು ಪಟ್ಟಿಗಳನ್ನು ಒಂದಾಗಿಸಬಹುದು.

ಕಾಗದದ ಲೆಕ್ಕ

ಪೇಟೆಯಲ್ಲಿ ದೊರೆಯುವ ಎ-4 ಹಾಳೆಯ ಅಳತೆ 210 ಮಿ.ಮೀ. ಅಗಲ, 297 ಮಿ.ಮೀ. ಉದ್ದ. ಇದು 1922ರಲ್ಲಿ ಜರ್ಮನಿಯಲ್ಲಿ ಗೊತ್ತುಪಡಿಸಿದ ಕ್ರಮ. ಇದರ ವಿಶೇಷವೆಂದರೆ, ಹಾಳೆಯನ್ನು ನಡುವೆ ಕತ್ತರಿಸಿದರೆ ದೊರೆಯುವ ಅರ್ಧಕ್ಕೂ ಮೂಲದ ಪ್ರಮಾಣವೇ ಇರುತ್ತದೆ. ಒಂದು ಎ-4 ಹಾಳೆಯನ್ನು ಎರಡು ಮಾಡಿ, ಪ್ರತಿಯೊಂದನ್ನೂ ನಡುವೆ ಮಡಿಸಿದರೆ 148 ಮಿ.ಮೀ. ಉದ್ದ, 105 ಮಿ.ಮೀ. ಅಗಲದ ಎರಡು ಕರೆಯೋಲೆಗಳಾದವು. ಇಪ್ಪತ್ತು ಅತಿಥಿಗಳಿಗೆ ಹತ್ತೇ ಹಾಳೆ.

ಸಾಮಾನ್ಯ ಬರೆಯುವ ಕಾಗದ ಚದರ ಮೀಟರಿಗೆ 70ರಿಂದ 80 ಗ್ರಾಂ ತೂಗುತ್ತದೆ. ಕರೆಯೋಲೆಗೆ ಅದು ತೆಳುವಾಯಿತು. 200 ಗ್ರಾಂ ಆಸುಪಾಸಿನ ದಪ್ಪ ಹಾಳೆ ಮಡಿಸಲೂ ಸುಲಭ, ನಿಲ್ಲಿಸಿದರೆ ನಿಲ್ಲುತ್ತದೆ. ಆದರೆ ದಪ್ಪ ಕಾಗದವನ್ನು ಹಾಗೆಯೇ ಮಡಿಸಿದರೆ ಮಡಿಕೆಯಲ್ಲಿ ಬಿರುಕು ಬಿಡುವುದುಂಟು. ಮಡಿಸುವ ಜಾಗದಲ್ಲಿ ಅಳತೆಪಟ್ಟಿಯಿಟ್ಟು, ಮಸಿ ಮುಗಿದ ಬಾಲ್‌ಪೆನ್ನಿನ ತುದಿಯಿಂದ ಮೃದುವಾಗಿ ಗೀರಿಕೊಳ್ಳಬೇಕು. ಕಾಗದಕ್ಕೂ ಮರದಂತೆ ಎಳೆಯ ದಿಕ್ಕೊಂದುಂಟು. ಹಳೆಯ ವೃತ್ತಪತ್ರಿಕೆಯೊಂದನ್ನು ಹರಿದು ನೋಡಿದರೆ ಇದು ತಿಳಿಯುತ್ತದೆ: ಒಂದು ದಿಕ್ಕಿಗೆ ನೇರವಾಗಿ ಹರಿಯುತ್ತದೆ, ಇನ್ನೊಂದು ದಿಕ್ಕಿಗೆ ಸೊಟ್ಟಸೊಟ್ಟಾಗಿ. ಎಳೆಗುಂಟ ಮಡಿಸಿದ ಮಡಿಕೆಯೇ ಚೊಕ್ಕಟ.

ಲಕೋಟೆಯನ್ನೂ ಮನೆಯಲ್ಲೇ ಮಾಡಬಹುದು. ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಯಿಂದ 19 ಸೆಂಟಿಮೀಟರಿನ ಚೌಕವೊಂದನ್ನು ಕತ್ತರಿಸಬೇಕು. ಅದರ ನಡುವೆ ಕರೆಯೋಲೆಯನ್ನು ಓರೆಯಾಗಿ, ಅಂದರೆ ಓಲೆಯ ನಾಲ್ಕು ಬದಿಗಳು ಚೌಕದ ನಾಲ್ಕು ಮೂಲೆಗಳಿಗೆ ಎದುರಾಗುವಂತೆ, ಇಡಬೇಕು. ಸುತ್ತಲೂ ಎರಡು ನೂಲಿನಷ್ಟು ಸಡಿಲ ಬಿಟ್ಟು ಎಡ ಬಲದ ಮೂಲೆಗಳನ್ನು ಮೊದಲು ಒಳಕ್ಕೆ ಮಡಿಸಿ, ಕೆಳಗಿನದನ್ನು ಅವುಗಳ ಮೇಲೆ ಅಂಟಿಸಿದರೆ ಲಕೋಟೆ ಸಿದ್ಧ. ಮೇಲಿನ ಮೂಲೆಯೇ ಅದರ ಮುಚ್ಚಳ. ಚಿತ್ರವಿರುವ ಮಗ್ಗುಲು ಒಳಗಿರಲಿ. ಬಿಳಿಯ ಮಗ್ಗುಲಿನ ಮೇಲೆ ಹೆಸರು ಬರೆಯಲು ಅನುಕೂಲ, ತೆರೆದಾಗ ಬಣ್ಣ ಕಾಣುವುದೂ ಒಂದು ಸೊಗಸು.

ಬೆಂಡೆಕಾಯಿಯ ಹೂವು

ಅಲಂಕಾರಕ್ಕೆ ದುಬಾರಿ ಸಾಮಗ್ರಿ ಬೇಡ, ಅಡುಗೆಮನೆಯೇ ಅಚ್ಚುಕೂಟವಾಗಬಲ್ಲದು. ಬೆಂಡೆಕಾಯಿಯನ್ನು ಅಡ್ಡಲಾಗಿ ಕೊಯ್ದರೆ ಐದೆಸಳಿನ ಹೂವೊಂದು ಕಾಣುತ್ತದೆ. ಲೋಳೆ ಇಂಗಲು ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯಿಂದ ಒರೆಸಿ, ಬಣ್ಣದಲ್ಲಿ ತೋಯ್ದ ನಾಲ್ಕು ಮಡಿಕೆಯ ಬಟ್ಟೆಗೆ ಒತ್ತಿ ಕಾಗದದ ಮೇಲಿಟ್ಟರೆ ಹೂವು ಮೂಡುತ್ತದೆ. ಒಂದು ಬೆಂಡೆಕಾಯಿಯಿಂದ ಹಲವಾರು ಹೂಗಳನ್ನು ಒತ್ತಬಹುದು. ಅಂಚು ಮೆತ್ತಗಾದೊಡನೆ ಒಂದು ಬಿಲ್ಲೆಯಷ್ಟು ಕೊಯ್ದು ತೆಗೆದರೆ ಮತ್ತೆ ಹೊಸ ಅಚ್ಚು.

ಆಲೂಗಡ್ಡೆಯಲ್ಲಿ ಬೇಕಾದ ಆಕಾರವನ್ನು ಕೊರೆದುಕೊಳ್ಳಬಹುದು. ಆಕಾರವನ್ನು ಉಳಿಸಿ ಸುತ್ತಲಿನ ಭಾಗವನ್ನು ಮೂರು ನಾಲ್ಕು ಮಿಲಿಮೀಟರಿನಷ್ಟು ತೆಗೆಯಬೇಕು. ಅಂಕಿಯನ್ನೋ ಅಕ್ಷರವನ್ನೋ ಕೊರೆಯುವುದಾದರೆ ಕನ್ನಡಿಯಲ್ಲಿ ಕಾಣುವಂತೆ ತಿರುವುಮುರುವಾಗಿ ಕೊರೆಯಬೇಕೆಂಬುದನ್ನು ಮರೆಯಬಾರದು. ಮರೆತರೆ 15 ಎಂಬುದು ಹಿಂದುಮುಂದಾಗಿ 51 ಎಂದು ಓದಿಸಿಕೊಂಡೀತು. ತೆಳುಕಾಗದದ ಮೇಲೆ ಬರೆದು, ಮಗುಚಿ, ಹಿಂಬದಿಯಿಂದ ಕಂಡಂತೆ ಗುರುತು ಮಾಡಿಕೊಂಡರೆ ಈ ತಪ್ಪು ಆಗದು.

ಚಿತ್ರ ಬರೆಯಲು ಬಾರದವರಿಗೆ ರಂಗೋಲಿಯಿದೆ. ಅಜ್ಜಿಯನ್ನು ಕೇಳಿ ಏಳು ಚುಕ್ಕಿಯ ರಂಗೋಲಿಯೊಂದನ್ನು ಕಲಿತು, ಪೆನ್ಸಿಲಿನಿಂದ ಚುಕ್ಕಿಯಿಟ್ಟು, ಮಸಿಯಿಂದ ಎಳೆ ಎಳೆದರೆ ಮುಖಪುಟ ತುಂಬಿತು. ಮೊಮ್ಮಗಳಿಗೆ ಅಜ್ಜಿಯ ಬಳಿ ಒಂದು ಸಂಜೆ ಕೂರಲು ಇದೊಂದು ನೆಪವೂ ಆಯಿತು.

ಅರಿಶಿನದ ಗುಟ್ಟು

ಹದಿಹರೆಯದವರಿಗೆ ಗುಟ್ಟೆಂದರೆ ಪ್ರೀತಿ. ಅವರ ಕರೆಯೋಲೆಯಲ್ಲಿ ಕಣ್ಣಿಗೆ ಕಾಣದ ಸಾಲೊಂದನ್ನು ಅಡಗಿಸಿಡಲು ಅರಿಶಿನ ಸಹಾಯ ಮಾಡುತ್ತದೆ. ಅಡುಗೆ ಸೋಡವನ್ನು ನೀರಿನಲ್ಲಿ ಕದಡಿ, ಸಣ್ಣ ಕುಂಚದಿಂದ ಬಿಳಿಯ ಕಾಗದದ ತುಂಡಿನ ಮೇಲೆ ಬರೆದು ಒಣಗಿಸಿದರೆ ಬರಹ ಮಾಯವಾಗುತ್ತದೆ. ಗೆಳತಿಯು ಮನೆಯಲ್ಲಿ ಅರಿಶಿನದ ನೀರನ್ನು ಅದರ ಮೇಲೆ ತೆಳ್ಳಗೆ ಸವರಿದೊಡನೆ ಹಳದಿಯ ನಡುವೆ ಕೆಂಗಂದು ಅಕ್ಷರಗಳು ಏಳುತ್ತವೆ!

ಇದರಲ್ಲಿ ಮಾಟವಿಲ್ಲ. ಅರಿಶಿನಕ್ಕೆ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ದ್ರವ್ಯವು ಕ್ಷಾರವನ್ನು ಸೋಕಿದರೆ ಕೆಂಪಾಗುತ್ತದೆ, ಹುಳಿಯನ್ನು ಸೋಕಿದರೆ ಮತ್ತೆ ಹಳದಿಯಾಗುತ್ತದೆ. ಅಕ್ಷರದ ಮೇಲೆ ನಿಂಬೆರಸದ ಹನಿ ಬಿಟ್ಟು ಇದನ್ನು ಪರೀಕ್ಷಿಸಬಹುದು. ಹುಟ್ಟುಹಬ್ಬದಂದು ತಾಯಿ ಎತ್ತುವ ಕೆಂಪಾರತಿಯ ನೀರಿನಲ್ಲಿರುವುದೂ ಇದೇ ರಸಾಯನ: ಅರಿಶಿನಕ್ಕೆ ಚಿಟಿಕೆ ಸುಣ್ಣ ಬೆರೆತೊಡನೆ ತಟ್ಟೆಯ ನೀರು ಕೆಂಪೇರುತ್ತದೆ. ಪ್ರಯೋಗಶಾಲೆಯಲ್ಲಿ ಕ್ಷಾರ ಆಮ್ಲಗಳ ಪಾಠವನ್ನು ಉರುಹೊಡೆಯುತ್ತಿರುವ ಹುಡುಗನಿಗೆ ಆರತಿಯ ತಟ್ಟೆಯೇ ಒಂದು ಪಾಠವೆಂದು ತಿಳಿದರೆ ಆಗುವ ಬೆರಗು ಸಣ್ಣದಲ್ಲ.

ಎರಡು ಎಚ್ಚರಿಕೆಗಳು ಮಾತ್ರ ಅಗತ್ಯ. ಅರಿಶಿನದ ಬಣ್ಣ ಬಿಸಿಲಿಗೆ ಮಾಸುತ್ತದೆ. ಬಟ್ಟೆಗೆ ತಗುಲಿದರೆ ಬೇಗ ಹೋಗದು. ದಿನ, ಹೊತ್ತು, ಸ್ಥಳಗಳನ್ನು ಎಂದೂ ಗುಟ್ಟಿನ ಮಸಿಯಲ್ಲಿ ಬರೆಯಬಾರದು. ಗುಟ್ಟು ಒಡೆಯದಿದ್ದರೆ ಅತಿಥಿಯೇ ಬಾರದಿದ್ದಾನು!

ಒಕ್ಕಣೆಯ ವಿಚಾರ

ಲಗ್ನಪತ್ರಿಕೆಗಳನ್ನು ಓದಿ ಬೆಳೆದ ಕೈ ಹುಟ್ಟುಹಬ್ಬಕ್ಕೂ ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂದು ಬರೆದುಬಿಡುವುದುಂಟು. ಹಾಗೆ ಬರೆದ ಮೇಲೆ ಹದಿನೈದು ಗೆಳೆಯರ ಹಿಂದೆ ಅರುವತ್ತು ಮಂದಿ ಬಂದರೆ ಅವರನ್ನು ದೂರುವಂತಿಲ್ಲ. ಗೆಳೆಯನಿಗೆ ಗೆಳೆಯ ಬರೆಯುವ ಓಲೆ ಮಾತನಾಡಿದಂತಿರಬೇಕು. ಅತಿಥಿಯ ತಂದೆತಾಯಿಗೆ ಬೇಕಾದ ವಿವರಗಳೂ ಅದರಲ್ಲಿರಬೇಕು. ಎಷ್ಟು ಹೊತ್ತಿಗೆ ಮೊದಲು, ಎಷ್ಟು ಹೊತ್ತಿಗೆ ಮುಕ್ತಾಯ, ಮನೆಗೆ ಮರಳುವ ಏರ್ಪಾಡೇನು, ಮನೆಯಲ್ಲಿ ಹಿರಿಯರಿರುವರೇ ಎಂಬುದು ತಿಳಿಯದೆ ಯಾವ ತಾಯಿಯೂ ಮಗಳನ್ನು ನಿಶ್ಚಿಂತೆಯಿಂದ ಕಳುಹಿಸಲಾರಳು. ಮಾದರಿಗೆ ಹೀಗೆ ಬರೆಯಬಹುದು:

‘ಪ್ರೀತಿಯ ಗೆಳತಿ, ಇದೇ 14ನೆಯ ತಾರೀಖು ಶನಿವಾರ ನನಗೆ ಹದಿನೈದು ತುಂಬುತ್ತದೆ. ಸಂಜೆ ನಾಲ್ಕು ಗಂಟೆಗೆ ನಮ್ಮ ಮನೆಯ ಮಹಡಿಯಲ್ಲಿ ಸೇರೋಣ. ಅಪ್ಪ ಅಮ್ಮ ಮನೆಯಲ್ಲಿರುತ್ತಾರೆ. ಏಳು ಗಂಟೆಗೆ ಎಲ್ಲರನ್ನೂ ಮನೆ ಮುಟ್ಟಿಸುವ ಹೊಣೆ ಅಪ್ಪನದು. ಕಾಣಿಕೆ ಬೇಡ. ನೀನು ಓದಿ ಮೆಚ್ಚಿದ ಒಂದು ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ತಂದರೆ ಸಾಕು. ಬರುವೆಯೋ ಇಲ್ಲವೋ ಗುರುವಾರದೊಳಗೆ ತಿಳಿಸು.’

‘ಕಾಣಿಕೆ ಬೇಡ’ ಎಂಬ ಮಾತು ಶಿಷ್ಟಾಚಾರಕ್ಕಾಗಿ ಅಲ್ಲ. ಒಂದೇ ತರಗತಿಯಲ್ಲಿ ಕಾರಿನಲ್ಲಿ ಬರುವ ಹುಡುಗನೂ ಇರುತ್ತಾನೆ, ಬಸ್ಸಿನ ಚಿಲ್ಲರೆ ಎಣಿಸುವ ಹುಡುಗನೂ ಇರುತ್ತಾನೆ. ಕೊಡಲು ಏನೂ ಇಲ್ಲವೆಂಬ ಸಂಕೋಚದಿಂದ ‘ಅಂದು ನನಗೆ ಮೈಯಲ್ಲಿ ಹುಷಾರಿಲ್ಲ’ ಎಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದುಬಿಡುವ ಮಕ್ಕಳು ಎಲ್ಲ ಊರಿನಲ್ಲಿಯೂ ಇದ್ದಾರೆ. ಅವರಿಗಾಗಿ ಆ ಎರಡು ಪದಗಳು. ಬರಿದೆ ‘ಬೇಡ’ ಎಂದರೆ ಯಾರೂ ನಂಬುವುದಿಲ್ಲ. ಎಲ್ಲರೂ ತರಬಹುದಾದ, ಕಾಸಿನ ಖರ್ಚಿಲ್ಲದ ಒಂದನ್ನು ಕೇಳಿದರೆ ಎಲ್ಲರ ಕೈಯೂ ತುಂಬಿರುತ್ತದೆ.

ಬರೆಯುವಾಗ ಕನ್ನಡ ಅಕ್ಷರದ ಸ್ವಭಾವವನ್ನು ಗಮನಿಸಬೇಕು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಗುಡಿಸು, ಏತ್ವಗಳು ತಲೆಯ ಮೇಲೆ ಏರುತ್ತವೆ. ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಕಲಸುಮೇಲೋಗರವಾಗುತ್ತದೆ. ಅಕ್ಷರದ ಎತ್ತರ ಐದು ಮಿಲಿಮೀಟರಾದರೆ ಸಾಲಿನಿಂದ ಸಾಲಿಗೆ ಹನ್ನೆರಡಾದರೂ ಇರಬೇಕು. ಪೆನ್ಸಿಲಿನಲ್ಲಿ ತೆಳುವಾಗಿ ಗೆರೆಯೆಳೆದುಕೊಂಡು, ಮಸಿ ಚೆನ್ನಾಗಿ ಒಣಗಿದ ಮೇಲೆ ಅಳಿಸಬೇಕು. ವಿವರಗಳನ್ನು ಗಣಕಯಂತ್ರದಲ್ಲಿ ಅಚ್ಚುಮಾಡಿಸಿ ಅಂಟಿಸಿದರೂ ಬಾಧಕವಿಲ್ಲ. ಆದರೆ ಸಂಬೋಧನೆಯ ಹೆಸರೂ ಕೊನೆಯ ಒಂದು ಸಾಲೂ ಹುಟ್ಟುಹಬ್ಬದವರ ಕೈಬರಹದಲ್ಲೇ ಇರಲಿ. ಆ ಸಾಲು ಒಬ್ಬೊಬ್ಬರಿಗೂ ಬೇರೆಬೇರೆಯಾಗಿರಲಿ.

ಕೈಯಿಂದ ಕೈಗೆ

ಇಪ್ಪತ್ತು ಕರೆಯೋಲೆಗಳಿಗೆ ಮೂರು ಸಂಜೆಗಳು ಸಾಕು: ಮೊದಲನೆಯದು ಕತ್ತರಿಸಿ ಮಡಿಸಲು, ಎರಡನೆಯದು ಬಣ್ಣಕ್ಕೆ, ಮೂರನೆಯದು ಬರಹಕ್ಕೆ. ಹಬ್ಬಕ್ಕೆ ಹತ್ತು ದಿನ ಮುಂಚೆ ಹಂಚುವಂತಿದ್ದರೆ ಒಳ್ಳೆಯದು. ದೂರದೂರಿನ ಗೆಳೆಯನಿಗೆ ಅಂಚೆಯಲ್ಲಿ ಕಳುಹಿಸುವುದಾದರೆ ಇನ್ನೊಂದು ವಾರ ಸೇರಿಸಿಕೊಳ್ಳಬೇಕು. ಬರಲಾಗದಿದ್ದರೂ ತನ್ನ ಹೆಸರಿಗೆ ಬಂದ ಕಾಗದವನ್ನು ಅಂಚೆಯವನ ಕೈಯಿಂದ ತೆಗೆದುಕೊಳ್ಳುವ ಸಂತೋಷ ಈ ಪೀಳಿಗೆಯ ಎಷ್ಟೋ ಮಕ್ಕಳಿಗೆ ಹೊಸದೇ ಆಗಿರುತ್ತದೆ.

ಹಂಚುವ ಬಗೆಯಲ್ಲಿ ನಯ ಬೇಕು. ನಲವತ್ತು ಮಕ್ಕಳ ತರಗತಿಯಲ್ಲಿ ಎಂಟು ಮಂದಿಗೆ ಮಾತ್ರ ಎಲ್ಲರೆದುರು ಬಣ್ಣದ ಲಕೋಟೆ ಕೊಟ್ಟರೆ ಉಳಿದ ಮೂವತ್ತೊಂದು ಮಕ್ಕಳ ಮುಖವನ್ನು ಯಾರು ನೋಡಬೇಕು? ಅವರಲ್ಲೊಬ್ಬಳಾದರೂ ತನಗೂ ಒಂದು ಬರಬಹುದೆಂದು ಕಾದಿರುತ್ತಾಳೆ. ಎಲ್ಲರನ್ನೂ ಕರೆಯಲು ಯಾವ ಮನೆಗೂ ಸಾಧ್ಯವಿಲ್ಲ. ಆದರೆ ಕರೆಯದವರನ್ನು ನೋಯಿಸದಂತೆ ಕರೆಯಲು ಎಲ್ಲರಿಗೂ ಸಾಧ್ಯ. ಶಾಲೆಯ ಹೊರಗೆ, ಗೆಳೆಯರ ಮನೆಗೇ ಹೋಗಿ ಕೊಡುವುದು ಮೇಲು. ಬಾಗಿಲಲ್ಲಿ ನಿಂತು, ಗೆಳತಿಯ ತಾಯಿಗೆ ನಮಸ್ಕರಿಸಿ, ‘ಶನಿವಾರ ಕಳುಹಿಸಿಕೊಡಿ’ ಎಂದು ತಾನೇ ಹೇಳಿಬರುವ ಹುಡುಗಿ ಅಂದು ಮನೆಯ ಪರವಾಗಿ ಮಾತನಾಡಿದವಳು. ಕುಂಕುಮದ ಭರಣಿ ಹಿಡಿದು ಹೊರಡುತ್ತಿದ್ದ ಅಜ್ಜಿಯ ಕೆಲಸವನ್ನೇ ಅವಳು ತನ್ನದೇ ರೀತಿಯಲ್ಲಿ ಮಾಡಿದಳು.

ಲೆಕ್ಕಕ್ಕಿಂತ ಮೂರು ಓಲೆಗಳನ್ನು ಹೆಚ್ಚಾಗಿ ಮಾಡಿಟ್ಟುಕೊಳ್ಳುವುದು ಜಾಣತನ. ಒಂದು, ಮಸಿ ಚೆಲ್ಲಿ ಕೆಟ್ಟುಹೋದುದರ ಬದಲಿಗೆ. ಇನ್ನೊಂದು, ಮನೆಯ ಪೆಟ್ಟಿಗೆಯಲ್ಲಿ ಉಳಿಯಲು. ಮೂರನೆಯದು, ಪಟ್ಟಿ ಮಾಡುವಾಗ ನೆನಪಿಗೆ ಬಾರದೆ, ಹಬ್ಬದ ಹಿಂದಿನ ದಿನ ಥಟ್ಟನೆ ನೆನಪಾಗುವ ಗೆಳೆಯನಿಗೆ. ಅಂಥವನೊಬ್ಬ ಇದ್ದೇ ಇರುತ್ತಾನೆ.